ಮಂಡಿ ಬದಲಾವಣೆ: ಮೂವರು ವೈದ್ಯರು ಮೂರು ಮಾತು ಹೇಳಿದರೆ ಯಾರನ್ನು ನಂಬುವುದು?

ಪ್ರಶ್ನೆ: ನನ್ನ ಅಮ್ಮನಿಗೆ 66 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ಸಲ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 9.1 ಬಂದಿತ್ತು. ತೂಕ 82 ಕಿಲೋ. ನಾಲ್ಕು ವರ್ಷದಿಂದ ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಎಕ್ಸ್‌ರೇ ನೋಡಿ ‘ಗ್ರೇಡ್ 4 ಸವೆತ’ ಅಂದರು. ಒಬ್ಬ ವೈದ್ಯರು ಸಣ್ಣ ತೂತು ಹಾಕಿ ಕೀಲು ತೊಳೆದು ಸರಿ ಮಾಡೋಣ ಅನ್ನುತ್ತಾರೆ. ಇನ್ನೊಬ್ಬರು ಅಮ್ಮನದೇ ರಕ್ತದಿಂದ ಮಾಡುವ ಪಿಆರ್‌ಪಿ ಇಂಜೆಕ್ಷನ್ ಕೊಟ್ಟರೆ ಆಪರೇಷನ್ನೇ ಬೇಡ ಅನ್ನುತ್ತಾರೆ. ಮೂರನೆಯವರು ರೋಬೋಟ್ ಬಳಸಿ ಎರಡೂ ಮಂಡಿ ಒಂದೇ ದಿನ ಬದಲಾಯಿಸೋಣ ಅಂದಿದ್ದಾರೆ. ಪರಿಚಯದವರೊಬ್ಬರಿಗೆ ಇದೇ ಆಪರೇಷನ್ ಆದ ಮೇಲೆ ಒಳಗೆ ಕೀವಾಗಿ ಮತ್ತೆ ಎರಡು ಸಲ ಆಪರೇಷನ್ ಮಾಡಬೇಕಾಯಿತು. ಅಮ್ಮ ಹೆದರಿಬಿಟ್ಟಿದ್ದಾರೆ. ವೈದ್ಯಕೀಯ ಇಷ್ಟು ಮುಂದುವರಿದಿದ್ದರೂ ಮೂಳೆ ವೈದ್ಯರಿಗೆ ಇನ್ನೂ ಕಷ್ಟವಾಗಿರುವುದು ಏನು? ನಾವು ಏನು ಮಾಡಬೇಕು? ಎಷ್ಟು ದಿನ ಮುಂದೂಡಬಹುದು?

ಉತ್ತರ: ಸವೆದ ಮೂಳೆಯ ತುದಿ ಕತ್ತರಿಸಿ ಕೃತಕ ಕೀಲು ಕೂರಿಸುವ ಕೆಲಸ ಈಗ ಚೆನ್ನಾಗಿ ಪಳಗಿದೆ. ಸುಮಾರು ಒಂದೂವರೆ ಗಂಟೆಯ ಕೆಲಸ. ನಮಗೆ ಇವತ್ತಿಗೂ ತಲೆನೋವಾಗಿರುವುದು ಆ ಒಂದೂವರೆ ಗಂಟೆಯ ಆಚೀಚೆಗಿನ ವಿಷಯಗಳು. ಆಪರೇಷನ್ ಯಾರಿಗೆ ಬೇಕು, ಯಾವಾಗ ಬೇಕು? ಸೋಂಕನ್ನು ತಡೆಯುವುದು ಹೇಗೆ? ಎಲ್ಲವನ್ನೂ ಸರಿಯಾಗಿ ಮಾಡಿದರೂ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಯಾಕೆ ಉಳಿಯುತ್ತದೆ? ನಿಮ್ಮ ಪತ್ರದಲ್ಲಿ ಈ ಮೂರೂ ಇವೆ. ನಿಮಗೆ ಸಲಹೆ ಕೊಟ್ಟ ಮೂವರೂ ಯಾವ ಉಪಕರಣ ಬಳಸಬೇಕು ಅನ್ನುವುದನ್ನೇ ಮಾತಾಡಿದ್ದಾರೆ. ಅಮ್ಮನ ದೇಹ ಈಗ ಅದಕ್ಕೆ ಸಿದ್ಧವಿದೆಯಾ ಅಂತ ಯಾರೂ ಕೇಳಿದಂತಿಲ್ಲ. 9.1 ಅನ್ನುವ ಆ ಒಂದು ಅಂಕಿ ನನಗೆ ಎಕ್ಸ್‌ರೇಗಿಂತ ಮುಖ್ಯವಾಗಿ ಕಾಣುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಣ್ಣ ವಿಷಯ ಖಚಿತ ಮಾಡಿಕೊಳ್ಳಿ. ಎಕ್ಸ್‌ರೇ ನಿಂತು ತೆಗೆಸಿದ್ದಾ, ಮಲಗಿ ತೆಗೆಸಿದ್ದಾ? ಮಲಗಿದಾಗ ಕೀಲಿನ ಮೇಲೆ ಭಾರ ಇರುವುದಿಲ್ಲ. ಹಾಗಾಗಿ ಎರಡು ಮೂಳೆಗಳ ನಡುವಿನ ಅಂತರ ನಿಜವಾಗಿ ಎಷ್ಟು ಕಡಿಮೆಯಾಗಿದೆ ಅನ್ನುವುದು ತಿಳಿಯುವುದಿಲ್ಲ. ನಿಂತು ತೆಗೆಸಿದ ಚಿತ್ರವೇ ಲೆಕ್ಕಕ್ಕೆ ಬರುವುದು. ಇನ್ನೊಂದು, ಯಾರಾದರೂ ಅಮ್ಮನ ಸೊಂಟದ ಕೀಲನ್ನು ತಿರುಗಿಸಿ ನೋಡಿದರಾ? ಸೊಂಟದ ಕೀಲು ಸವೆದಿದ್ದರೆ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಬೆನ್ನುಮೂಳೆಯಲ್ಲಿ ನರ ಒತ್ತಿದರೂ ಹಾಗೇ ಆಗಬಹುದು. ಮಂಡಿ ಬದಲಾಯಿಸಿದ ಮೇಲೂ ನೋವು ಹೋಗದವರಲ್ಲಿ ಕೆಲವರ ಕಥೆ ಇದೇ. ಎರಡು ನಿಮಿಷದ ಪರೀಕ್ಷೆ, ಬಿಡಬೇಡಿ.

‘ಗ್ರೇಡ್ 4’ ಅನ್ನುವುದು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಮಾಡಿದ ಅಳತೆ. 0ಯಿಂದ 4ರವರೆಗೆ. 4 ಅಂದರೆ ಅಂತರ ಹೆಚ್ಚುಕಡಿಮೆ ಮುಗಿದಿದೆ, ಮೂಳೆಗೆ ಮೂಳೆ ತಾಗುವ ಹಂತ. ಆದರೆ ಅದು ಚಿತ್ರದ ಅಳತೆ, ನೋವಿನ ಅಳತೆ ಅಲ್ಲ. ಗ್ರೇಡ್ 4 ಇಟ್ಟುಕೊಂಡು ದಿನಾ ಆರಾಮಾಗಿ ನಡೆಯುವವರಿದ್ದಾರೆ. ಗ್ರೇಡ್ 2ರಲ್ಲೇ ನೋವಿನಿಂದ ನಿದ್ದೆಗೆಡುವವರೂ ಇದ್ದಾರೆ. ಹಾಗಾಗಿ ನಾನು ಕೇಳುವ ಪ್ರಶ್ನೆಗಳೇ ಬೇರೆ. ರಾತ್ರಿ ನೋವಿಗೆ ಎಚ್ಚರವಾಗುತ್ತದಾ? ನಿಲ್ಲದೆ ಎಷ್ಟು ದೂರ ನಡೆಯುತ್ತಾರೆ? ಕುರ್ಚಿಯಿಂದ ಕೈ ಊರದೆ ಏಳುತ್ತಾರಾ? ಮೆಟ್ಟಿಲು ಹತ್ತುವುದನ್ನು, ಹೊರಗೆ ಹೋಗುವುದನ್ನು ಬಿಟ್ಟಿದ್ದಾರಾ? ನೋವಿನ ಮಾತ್ರೆ ವಾರಕ್ಕೆ ಎಷ್ಟು ದಿನ ಬೇಕಾಗುತ್ತದೆ? ಇದಕ್ಕೆಲ್ಲ ಉತ್ತರ ಕೊಡಬೇಕಾದವರು ನಿಮ್ಮ ಅಮ್ಮ. ದಯವಿಟ್ಟು ಅವರ ಪರವಾಗಿ ನೀವು ಉತ್ತರಿಸಬೇಡಿ. ಮಕ್ಕಳು ಜೊತೆಗೆ ಬಂದಾಗ ಸಾಮಾನ್ಯವಾಗಿ ಆಗುವುದು ಇದೇ.

ಎಂಆರ್‌ಐ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನ ಸಲ ಯಾರಾದರೂ ಬರೆದುಕೊಡುತ್ತಾರೆ. ಈ ವಯಸ್ಸಿನಲ್ಲಿ, ಇಷ್ಟು ಸವೆತ ಎಕ್ಸ್‌ರೇಯಲ್ಲೇ ಕಾಣುವಾಗ, ಎಂಆರ್‌ಐ ಹೊಸದೇನನ್ನೂ ಹೇಳುವುದಿಲ್ಲ. ‘ಮೆನಿಸ್ಕಸ್ ಹರಿದಿದೆ’ ಅಂತ ವರದಿ ಬರುತ್ತದೆ, ಅಷ್ಟೆ. ಮೆನಿಸ್ಕಸ್ ಅಂದರೆ ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಇರುವ ಮೆತ್ತನೆಯ ಗಾದಿ. 2008ರಲ್ಲಿ ಅಮೆರಿಕದಲ್ಲಿ 50 ದಾಟಿದ ಸಾಮಾನ್ಯ ಜನರ ಮಂಡಿಗಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ಗಾದಿ ಹರಿದಿತ್ತು ಅಥವಾ ಹಾಳಾಗಿತ್ತು. ಹಾಗೆ ಹರಿದವರಲ್ಲಿ 61% ಜನರಿಗೆ ಹಿಂದಿನ ಒಂದು ತಿಂಗಳು ನೋವೇ ಇರಲಿಲ್ಲ. ಕೂದಲು ನರೆಯುವ ಹಾಗೆ ಗಾದಿಯೂ ವಯಸ್ಸಿಗೆ ಹರಿಯುತ್ತದೆ. ಅದನ್ನು ಕಾಯಿಲೆ ಅಂತ ಹಿಡಿದು ಹೊರಟರೆ ಬೇಡದ ಆಪರೇಷನ್ ಕಡೆಗೆ ಹೋಗುತ್ತೀರಿ.

ಅಲ್ಲಿಂದ ನೇರವಾಗಿ ನಿಮ್ಮ ಮೊದಲನೇ ವೈದ್ಯರ ಸಲಹೆಗೆ ಬರೋಣ. ತೂತು ಹಾಕಿ ತೊಳೆಯುವುದು, ಅಂದರೆ ಆರ್ತ್ರೋಸ್ಕೋಪಿ. ಸವೆದ ಮಂಡಿಗೆ ಇದು ಬೇಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ. 2002ರಲ್ಲಿ ಅಮೆರಿಕದಲ್ಲಿ 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೀಲಿನ ಒಳಗೆ ಕೆರೆದು ಶುಚಿ ಮಾಡಿದರು. ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯದಕ್ಕೆ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿದರು, ಒಳಗೆ ಏನೂ ಮಾಡಲಿಲ್ಲ. ಎರಡು ವರ್ಷದ ತನಕ ನೋಡಿದರೂ ಮೂರೂ ಗುಂಪಿನ ನೋವು ಒಂದೇ ಥರ ಇತ್ತು. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ವಯಸ್ಸಿನಿಂದ ಸವೆದ ಮಂಡಿಗೆ ಈ ಆಪರೇಷನ್ ಮಾಡಬಾರದು ಅಂತ ಗಟ್ಟಿಯಾಗಿಯೇ ಬರೆದರು. ಆದರೂ ಇದು ನಿಂತಿಲ್ಲ. ಆಟ ಆಡುವಾಗ ಏಟು ಬಿದ್ದು ಮಂಡಿ ಪೂರ್ತಿ ಸಿಕ್ಕಿಹಾಕಿಕೊಂಡ ಹುಡುಗರ ವಿಷಯ ಬೇರೆ. ಅಲ್ಲಿ ಆರ್ತ್ರೋಸ್ಕೋಪಿ ನಿಜಕ್ಕೂ ಒಳ್ಳೆಯ ಸಾಧನ.

ಪಿಆರ್‌ಪಿ ಇಂಜೆಕ್ಷನ್ ಬಗ್ಗೆ ನಾನು ಅಷ್ಟು ಕಟುವಾಗಿ ಮಾತಾಡುವುದಿಲ್ಲ. ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಜಾಸ್ತಿ ಇರುವ ಭಾಗವನ್ನು ಮಂಡಿಗೆ ಚುಚ್ಚುತ್ತಾರೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ನೋವು ಕಡಿಮೆಯಾಗಿದೆ. ಆದರೆ 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದರು. ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು. ಒಂದು ವರ್ಷದ ಮೇಲೆ ನೋವಿನಲ್ಲಾಗಲಿ, ಕಾರ್ಟಿಲೇಜ್ (ಮೂಳೆಯ ತುದಿಯ ನುಣುಪಾದ ಪದರ) ಉಳಿದ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೂ ಅಲ್ಪಸ್ವಲ್ಪ ಸವೆತ ಇದ್ದವರಲ್ಲಿ. ಮೂಳೆಗೆ ಮೂಳೆ ತಾಗುವ ಹಂತದಲ್ಲಿ ಇದರಿಂದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ‘ಆಪರೇಷನ್ನೇ ಬೇಡ’ ಅನ್ನುವ ಮಾತು ಹೆಚ್ಚಾಯಿತು.

ಸ್ಟಿರಾಯ್ಡ್ ಇಂಜೆಕ್ಷನ್ ಕೊಡಿಸಿದ್ದೀರಾ? ಅದು ಕೆಲವು ವಾರ ನಿಜಕ್ಕೂ ಆರಾಮ ಕೊಡುತ್ತದೆ. ಆದರೆ ಸಕ್ಕರೆಯನ್ನು ಕೆಲವು ದಿನ ಏರಿಸುತ್ತದೆ. ಪದೇಪದೇ ಕೊಟ್ಟರೆ ಕಾರ್ಟಿಲೇಜ್ ಬೇಗ ಸವೆಯುವುದನ್ನೂ ನೋಡಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಕೀಲು ಬದಲಾಯಿಸಿದರೆ ಸೋಂಕಿನ ಅಪಾಯ ಹೆಚ್ಚು. ಯಾವ ದಿನ ಯಾವ ಇಂಜೆಕ್ಷನ್ ಆಯಿತು ಅಂತ ಬರೆದಿಟ್ಟುಕೊಳ್ಳಿ. ಆಪರೇಷನ್ ಮಾಡುವವರು ಕೇಳದಿದ್ದರೂ ನೀವೇ ಹೇಳಿ.

ಈಗ ರೋಬೋಟ್. ಜನರ ಮನಸ್ಸಿನಲ್ಲಿ ಯಂತ್ರವೇ ತನ್ನಷ್ಟಕ್ಕೆ ಆಪರೇಷನ್ ಮಾಡುತ್ತದೆ ಅನ್ನುವ ಚಿತ್ರ ಇದೆ. ಹಾಗೇನಿಲ್ಲ. ಮೊದಲೇ ಹಾಕಿಕೊಂಡ ಯೋಜನೆಯ ಗೆರೆ ದಾಟದಂತೆ ಅದು ಗರಗಸವನ್ನು ಅಥವಾ ಕತ್ತರಿಸುವ ಪಟ್ಟಿಯನ್ನು ಹಿಡಿದಿಡುತ್ತದೆ. ಕೈ ವೈದ್ಯರದೇ. ಯೋಜನೆಯೂ ಅವರದೇ. ಮೂಳೆ ಕತ್ತರಿಸುವ ಕೋನ ಇದರಿಂದ ಹೆಚ್ಚು ಕರಾರುವಾಕ್ಕಾಗುತ್ತದೆ, ಅದು ಸಾಬೀತಾಗಿದೆ. ಆದರೆ ಒಂದೆರಡು ಡಿಗ್ರಿ ನೇರವಾಗಿ ಕೂತಿದ್ದರಿಂದ ರೋಗಿಗೆ ನೋವು ಎಷ್ಟು ಕಡಿಮೆಯಾಯಿತು, ಕೀಲು ಎಷ್ಟು ವರ್ಷ ಹೆಚ್ಚು ಬಾಳಿತು ಅಂತ ಕೇಳಿದರೆ ಉತ್ತರ ಅಷ್ಟು ಜೋರಾಗಿಲ್ಲ. ಇಲ್ಲಿಯವರೆಗೆ ಕಂಡಿರುವ ವ್ಯತ್ಯಾಸ ಸಣ್ಣದು. ಸಮಯ ಸ್ವಲ್ಪ ಜಾಸ್ತಿ ಹಿಡಿಯಬಹುದು. ಮೂಳೆಗೆ ಹೆಚ್ಚುವರಿ ಪಿನ್ ಹಾಕಬೇಕು, ಆ ತೂತಿನ ಜಾಗದಲ್ಲಿ ಅಪರೂಪಕ್ಕೆ ಮೂಳೆ ಮುರಿಯುವುದೂ ಇದೆ. ರೋಬೋಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಮೊದಲು ವೈದ್ಯರನ್ನು ಆರಿಸಿ. ಆ ವೈದ್ಯರು ರೋಬೋಟ್ ಬಳಸುವವರಾದರೆ ಬಳಸಲಿ. ರೋಬೋಟ್ ಇದೆ ಅಂತ ಆಸ್ಪತ್ರೆ ಆರಿಸಬೇಡಿ.

ಹೊಸದು ಅಂದರೆ ಉತ್ತಮ ಅನ್ನುವ ನಂಬಿಕೆಗೆ ನಮ್ಮ ಕ್ಷೇತ್ರ ದೊಡ್ಡ ಬೆಲೆ ತೆತ್ತಿದೆ. ಆಧುನಿಕ ಸೊಂಟದ ಕೃತಕ ಕೀಲನ್ನು ರೂಪಿಸಿದ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಟ್ಟಲು ಬಳಸಿದರು. ಜಾರುವ ವಸ್ತು, ಒಳ್ಳೆಯ ಯೋಚನೆಯೇ. ಕೆಲವೇ ವರ್ಷದಲ್ಲಿ ಅದು ಸವೆದು, ಪುಡಿ ಸುತ್ತಲಿನ ಮಾಂಸ ಮೂಳೆಯನ್ನು ಹಾಳು ಮಾಡಿತು. 1962ರಲ್ಲಿ ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್‌ಗೆ ಬದಲಾದರು. ಅದರ ಸುಧಾರಿಸಿದ ರೂಪವನ್ನೇ ಇವತ್ತಿಗೂ ಬಳಸುತ್ತೇವೆ. ಕೆಲವು ದಶಕ ಕಳೆದ ಮೇಲೆ ಲೋಹಕ್ಕೆ ಲೋಹ ಉಜ್ಜುವ ಸೊಂಟದ ಕೀಲುಗಳು ಬಂದವು, ಹೆಚ್ಚು ಬಾಳುತ್ತವೆ ಅಂದರು. 2010ರ ಆಗಸ್ಟ್‌ನಲ್ಲಿ ಡೆಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಅಂಥದ್ದೇ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಅದು ಬೇಗ ಕೆಡುತ್ತಿದೆ ಅಂತ ತೋರಿಸಿಕೊಟ್ಟಿದ್ದು ಯಾವ ಹೊಸ ಯಂತ್ರವೂ ಅಲ್ಲ, ಯಾರಿಗೆ ಯಾವ ಕೀಲು ಹಾಕಿದರು, ಅದು ಯಾವಾಗ ಕೆಟ್ಟಿತು ಅಂತ ಬರೆದಿಡುವ ರಿಜಿಸ್ಟರ್‌ಗಳು. ಸ್ವೀಡನ್ 1975ರಲ್ಲೇ ಮಂಡಿಗಳಿಗೆ ಅಂಥ ರಿಜಿಸ್ಟರ್ ಶುರು ಮಾಡಿತು. ಹಾಗಾಗಿ ವೈದ್ಯರನ್ನು ಕೇಳಬೇಕಾದ ಒಂದು ಪ್ರಶ್ನೆ: “ನೀವು ಹಾಕುವ ಕೀಲಿಗೆ ಹತ್ತು ವರ್ಷದ ದಾಖಲೆ ಇದೆಯಾ?” ಹಳೆಯ, ಬೇಸರ ತರಿಸುವಂಥ ಮಾಡೆಲ್ ಹಾಕುತ್ತೇನೆ ಅಂದರೆ ಖುಷಿಪಡಿ. ಆಪರೇಷನ್ ಆದ ಮೇಲೆ ಕೀಲಿನ ಹೆಸರು, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕರ್‌ನ ಪ್ರತಿ ಕೇಳಿ ತೆಗೆದಿಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ಯಾರಾದರೂ ಅದನ್ನು ಬಿಚ್ಚಬೇಕಾದರೆ ಆ ಚೀಟಿಯ ಬೆಲೆ ಗೊತ್ತಾಗುತ್ತದೆ.

ಈಗ ಸೋಂಕು. ನಿಮ್ಮ ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ. ಮಂಡಿ ಬದಲಾವಣೆಯಾದ ನೂರು ಜನರಲ್ಲಿ ಒಬ್ಬಿಬ್ಬರಿಗೆ ಒಳಗಿನ ಸೋಂಕು ಆಗುತ್ತದೆ. ಕೇಳಲು ಕಡಿಮೆ. ಆದರೆ ನಮ್ಮ ಕ್ಷೇತ್ರದಲ್ಲಿ ಅತಿ ಕಷ್ಟದ ಸಮಸ್ಯೆ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಕಾರಣ ಹೀಗಿದೆ. ಸಾಮಾನ್ಯ ಮಾಂಸಖಂಡಕ್ಕೆ ಕೆಲವು ಬ್ಯಾಕ್ಟೀರಿಯಾ ಬಿದ್ದರೆ ರಕ್ತದ ಬಿಳಿ ಕಣಗಳು ಬಂದು ಮುಗಿಸುತ್ತವೆ. ಲೋಹ, ಪ್ಲಾಸ್ಟಿಕ್ ಒಳಗೆ ರಕ್ತ ಹರಿಯುವುದಿಲ್ಲ. ಅಲ್ಲಿ ತೀರಾ ಕಡಿಮೆ ಬ್ಯಾಕ್ಟೀರಿಯಾ ಸಾಕು. ಅವು ಲೋಹಕ್ಕೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಇದನ್ನು ಬಯೋಫಿಲ್ಮ್ ಅನ್ನುತ್ತಾರೆ. ಒಮ್ಮೆ ಆ ಪದರ ಗಟ್ಟಿಯಾಯಿತು ಅಂದರೆ ಆಂಟಿಬಯೋಟಿಕ್ ಎಷ್ಟು ಕೊಟ್ಟರೂ ಬೇರು ಉಳಿಯುತ್ತದೆ.

ಶುರುವಿನಲ್ಲೇ, ಕೆಲವೇ ವಾರಗಳೊಳಗೆ ಸಿಕ್ಕಿಬಿದ್ದರೆ ಕೀಲು ತೆರೆದು, ಚೆನ್ನಾಗಿ ಕೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ಬದಲಾಯಿಸಿ, ಲೋಹವನ್ನು ಉಳಿಸಿಕೊಳ್ಳಬಹುದು. ತಡವಾದರೆ ಸಾಮಾನ್ಯವಾಗಿ ಎಲ್ಲವನ್ನೂ ತೆಗೆಯಬೇಕು. ಆ ಜಾಗಕ್ಕೆ ಆಂಟಿಬಯೋಟಿಕ್ ಬೆರೆಸಿದ, ಮೂಳೆಗೆ ಬಳಸುವ ಸಿಮೆಂಟಿನ ಗಟ್ಟಿ ಇಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಸೋಂಕು ಹೋಗಿದೆ ಅಂತ ಖಾತ್ರಿಯಾದ ಮೇಲೆ ಹೊಸ ಕೀಲು. ನಿಮ್ಮ ಪರಿಚಯದವರಿಗೆ ಆದ ಎರಡು ಆಪರೇಷನ್ ಬಹುಶಃ ಇದೇ. ಅದರರ್ಥ ಅಲ್ಲಿ ಯಾರೋ ತಪ್ಪು ಮಾಡಿದರು ಅಂತ ಆಗಬೇಕಿಲ್ಲ.

ಇದೇ ಚಾರ್ನ್ಲಿ 1960ರ ದಶಕದಲ್ಲಿ ಸೋಂಕಿನ ಮೇಲೂ ಹಟ ಹಿಡಿದು ಕೂತರು. ಆಪರೇಷನ್ ಕೋಣೆಗೆ ಸೋಸಿದ ಗಾಳಿ, ವೈದ್ಯರಿಗೆ ಮೈಪೂರ್ತಿ ಮುಚ್ಚುವ ಉಡುಪು. ನೂರಕ್ಕೆ ಏಳರ ಆಸುಪಾಸಿನಲ್ಲಿದ್ದ ಸೋಂಕು ಒಂದರ ಹತ್ತಿರಕ್ಕೆ ಇಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಆಂಟಿಬಯೋಟಿಕ್, ಸಿಮೆಂಟ್, ಉಪಕರಣ ಎಲ್ಲ ಸುಧಾರಿಸಿದರೂ ಆ ಒಂದು, ಒಂದೂವರೆಯ ಕೆಳಗೆ ಇಳಿಸಲು ಪರದಾಡುತ್ತಿದ್ದೇವೆ. ಒಂದು ಕಡೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಾಗಿವೆ. ಇನ್ನೊಂದು ಕಡೆ ಮೊದಲಾಗಿದ್ದರೆ ಆಪರೇಷನ್‌ಗೆ ಬರದೇ ಇದ್ದ, ಸಕ್ಕರೆ, ತೂಕ, ಕಿಡ್ನಿ ತೊಂದರೆ ಇರುವವರಿಗೂ ಈಗ ಕೀಲು ಹಾಕುತ್ತಿದ್ದೇವೆ. ಉಳಿದ ಅಪಾಯದ ದೊಡ್ಡ ಪಾಲು ಈಗ ರೋಗಿಯ ದೇಹದಲ್ಲಿದೆ. ಅಲ್ಲಿ ನಿಮ್ಮ ಕೈಯಲ್ಲಿ ಆಗುವ ಕೆಲಸ ಬಹಳ ಇದೆ.

9.1ಕ್ಕೆ ವಾಪಸ್ ಬರೋಣ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಹೆಚ್ಚಿನ ಕೀಲು ತಜ್ಞರು ಇದು 7.5ರಿಂದ 8ರ ಒಳಗೆ ಬಂದ ಮೇಲೆ ಮುಂದುವರಿಯುತ್ತಾರೆ. 9.1 ಇದ್ದಾಗ, ತುರ್ತಿಲ್ಲದ ಈ ಆಪರೇಷನ್‌ಗೆ, ಅದೂ ಎರಡೂ ಮಂಡಿಗೆ ಒಟ್ಟಿಗೆ, ನಾನು ದಿನಾಂಕ ಕೊಡುವುದಿಲ್ಲ. ಸಕ್ಕರೆ ಹೆಚ್ಚಿದ್ದರೆ ಬಿಳಿ ಕಣಗಳ ಕೆಲಸ ಮಂದವಾಗುತ್ತದೆ, ಗಾಯ ಒಣಗುವುದು ತಡವಾಗುತ್ತದೆ. ಆದರೆ ಗಡಿಬಿಡಿಯಲ್ಲಿ ಉಪವಾಸ ಕೆಡವಿ, ಔಷಧ ದುಪ್ಪಟ್ಟು ಮಾಡಿ ಇಳಿಸಬೇಡಿ. ಸಕ್ಕರೆ ತೀರಾ ಕೆಳಗೆ ಹೋಗುವುದೂ ಅಪಾಯವೇ. ಸಕ್ಕರೆ ನೋಡುವ ವೈದ್ಯರ ಜೊತೆ ಮೂರು ತಿಂಗಳ ಗುರಿ ಇಟ್ಟುಕೊಳ್ಳಿ.

ಆ ಮೂರು ತಿಂಗಳಲ್ಲಿ ಮಾಡಬೇಕಾದದ್ದು ಇನ್ನೂ ಇದೆ. ಹಲ್ಲು ಹುಳುಕಿದ್ದರೆ, ವಸಡಿನಲ್ಲಿ ಕೀವಿದ್ದರೆ ಈಗಲೇ ಸರಿ ಮಾಡಿಸಿ. ಕಾಲ್ಬೆರಳ ಸಂದಿಯ ಹುಣ್ಣು, ಹಿಮ್ಮಡಿಯ ಬಿರುಕು, ಉಗುರಿನ ಸುತ್ತಿನ ಊತ, ಇವೆಲ್ಲ ಸಣ್ಣದಾಗಿ ಕಂಡರೂ ಬ್ಯಾಕ್ಟೀರಿಯಾಗೆ ಬಾಗಿಲು. ರಕ್ತಹೀನತೆ ಇದೆಯಾ ನೋಡಿಸಿ. ಹಿಮೋಗ್ಲೋಬಿನ್ ಕಡಿಮೆ ಇಟ್ಟುಕೊಂಡು ಒಳಗೆ ಹೋದವರಿಗೆ ರಕ್ತ ಕೊಡಬೇಕಾಗುವ ಸಂಭವ ಜಾಸ್ತಿ. ಮೂಗಿನಲ್ಲಿ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತ ಕೆಲವು ಕಡೆ ಪರೀಕ್ಷಿಸುತ್ತಾರೆ. ಇದ್ದರೆ ಕೆಲವು ದಿನ ಮೂಗಿಗೆ ಮುಲಾಮು, ಸ್ನಾನಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಕೊಡುತ್ತಾರೆ. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ದಾರಿ. ಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಹೊಗೆ ಸೇದುವ ಅಥವಾ ತಂಬಾಕು ಜಗಿಯುವ ಅಭ್ಯಾಸ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಬೇಕು.

ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಸಕ್ಕರೆ ಸರಿ ಇದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ನೀವಾಗಿಯೇ ನಿಲ್ಲಿಸಬೇಡಿ, ಅರಿವಳಿಕೆ ವೈದ್ಯರಿಗೆ ಔಷಧಗಳ ಪೂರ್ತಿ ಪಟ್ಟಿ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆಗಳಿಗೂ ಇದೇ ಮಾತು.

ತೂಕ ಮತ್ತು ವ್ಯಾಯಾಮದ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನೋವಿದ್ದವರಿಗೆ ‘ನಡೆಯಿರಿ’ ಅಂದರೆ ಸಿಟ್ಟು ಬರುತ್ತದೆ, ಸರಿಯೇ. ಆದರೂ ಎರಡು ಮಾತು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಐದಾರು ಕಿಲೋ ಇಳಿದರೂ ಅಮ್ಮನಿಗೆ ಗೊತ್ತಾಗುತ್ತದೆ, ಸಕ್ಕರೆಯೂ ಇಳಿಯುತ್ತದೆ. ಎರಡನೆಯದು ತೊಡೆಯ ಮುಂದಿನ ಸ್ನಾಯು. ಮಲಗಿ ಕಾಲು ನೇರ ಇಟ್ಟು ಎತ್ತುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ. ಆಪರೇಷನ್ ಆದರೂ ಆಗದಿದ್ದರೂ ಈ ಸ್ನಾಯು ಬೇಕೇ ಬೇಕು. ನೋವಿಗೆ ಮೊದಲು ಹಚ್ಚುವ ಜೆಲ್ ನೋಡಿ. ನುಂಗುವ ನೋವಿನ ಮಾತ್ರೆಯನ್ನು ಕಿಡ್ನಿ ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ತೆಗೆದುಕೊಳ್ಳಬಾರದು. ಸಕ್ಕರೆ ಇರುವವರಿಗೆ ಇದು ಇನ್ನೂ ಮುಖ್ಯ.

ಇಷ್ಟೆಲ್ಲ ಮಾಡಿದರೆ ಆಪರೇಷನ್ ತಪ್ಪುತ್ತದಾ? ಕೆಲವರಿಗೆ ತಪ್ಪುತ್ತದೆ, ಕನಿಷ್ಠ ಕೆಲವು ಕಾಲ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ ಮಂಡಿ ಬದಲಾವಣೆಗೆ ಅರ್ಹರಾದ 100 ಜನರನ್ನು ಎರಡು ಪಾಲು ಮಾಡಿದರು. ಅರ್ಧಕ್ಕೆ ಆಪರೇಷನ್ ಮತ್ತು ವ್ಯಾಯಾಮ, ಇನ್ನರ್ಧಕ್ಕೆ ವ್ಯಾಯಾಮ, ತೂಕ ಇಳಿಸುವಿಕೆ, ಔಷಧ ಮಾತ್ರ. ಒಂದು ವರ್ಷದ ಮೇಲೆ ಆಪರೇಷನ್ ಆದವರ ನೋವು ಖಂಡಿತ ಇನ್ನೂ ಜಾಸ್ತಿ ಇಳಿದಿತ್ತು. ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಆಪರೇಷನ್ ಇಲ್ಲದ ಗುಂಪಿನಲ್ಲಿ ಆ ವರ್ಷ ನಾಲ್ವರಲ್ಲಿ ಒಬ್ಬರು ಮಾತ್ರ ಆಪರೇಷನ್ ಕಡೆ ಹೋದರು. ನಾನು ಇದನ್ನು ಓದುವುದು ಹೀಗೆ: ಆಪರೇಷನ್ ಕೆಲಸ ಮಾಡುತ್ತದೆ, ಆದರೆ ಸ್ವಲ್ಪ ಕಾಲ ಕಾಯುವವರಿಗೆ ದೊಡ್ಡ ನಷ್ಟ ಇಲ್ಲ.

ಎರಡೂ ಮಂಡಿ ಒಂದೇ ದಿನ ಬೇಡ. ಆರೋಗ್ಯ ಗಟ್ಟಿ ಇರುವವರಲ್ಲಿ ಇದನ್ನು ಮಾಡುತ್ತಾರೆ. ಒಂದೇ ಅರಿವಳಿಕೆ, ಒಂದೇ ಸಲದ ಚೇತರಿಕೆ ಅನ್ನುವ ಅನುಕೂಲ ಇದೆ. ಆದರೆ ಹೃದಯ, ಶ್ವಾಸಕೋಶದ ತೊಂದರೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಹನ್ನೆರಡು ವರ್ಷದ ಸಕ್ಕರೆ ಇರುವ 66ರ ಮಹಿಳೆಗೆ ನಾನು ಬಲಗಾಲು ಮೊದಲು ಮಾಡುತ್ತೇನೆ. ಎಡಗಾಲಿನ ಯೋಚನೆ ಮೂರು ತಿಂಗಳ ಮೇಲೆ. ಒಂದು ಕಾಲು ಗಟ್ಟಿಯಾದ ಮೇಲೆ ಎಷ್ಟೋ ಜನ ಇನ್ನೊಂದನ್ನು ವರ್ಷಗಟ್ಟಲೆ ಮುಂದೂಡುತ್ತಾರೆ.

ಇನ್ನೊಂದು ಮಾತು. ಸವೆತ ಮಂಡಿಯ ಒಳಬದಿಗೆ ಮಾತ್ರ ಇದ್ದು, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು (ಲಿಗಮೆಂಟ್) ಗಟ್ಟಿ ಇದ್ದರೆ ಅರ್ಧ ಮಂಡಿ ಮಾತ್ರ ಬದಲಾಯಿಸಬಹುದು. ಚೇತರಿಕೆ ಬೇಗ. ಮುಂದೆ ಮರು ಆಪರೇಷನ್ ಬೇಕಾಗುವ ಸಂಭವ ಸ್ವಲ್ಪ ಜಾಸ್ತಿ. ಅಮ್ಮ ಇದಕ್ಕೆ ಹೊಂದುತ್ತಾರಾ ಅಂತ ಕೇಳಿ ನೋಡಿ.

ಕೀಲು ಎಷ್ಟು ವರ್ಷ ಬಾಳುತ್ತದೆ ಅನ್ನುವುದರಲ್ಲಿ ಒಳ್ಳೆಯ ಸುದ್ದಿ ಇದೆ. ರಿಜಿಸ್ಟರ್‌ಗಳ ಲೆಕ್ಕ ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪೂರ್ತಿ ಬದಲಾಯಿಸಿದ 100 ಮಂಡಿಗಳಲ್ಲಿ ಸುಮಾರು 82 ಮಂಡಿ 25 ವರ್ಷ ಬಾಳುತ್ತವೆ. ವಯಸ್ಸು ಚಿಕ್ಕದಾದಷ್ಟು ಚಿಂತೆ ಹೆಚ್ಚು. ಐವತ್ತರ ಶುರುವಿನ ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗೆ ಮುಂದೆ ಮರು ಆಪರೇಷನ್ ಬೇಕಾಗಬಹುದು. ಎಪ್ಪತ್ತು ದಾಟಿದವರಲ್ಲಿ ಇಪ್ಪತ್ತಕ್ಕೆ ಒಬ್ಬರಿಗೆ. ನಿಮ್ಮ ಅಮ್ಮನ ವಯಸ್ಸಿಗೆ ಇದು ಹೆದರುವ ವಿಷಯ ಅಲ್ಲ.

ಹೆದರಬೇಕಾದದ್ದು, ಅಥವಾ ತಯಾರಾಗಬೇಕಾದದ್ದು, ಆ ಐವರಲ್ಲಿ ಒಬ್ಬರ ವಿಷಯಕ್ಕೆ. ಎಕ್ಸ್‌ರೇಯಲ್ಲಿ ಕೀಲು ಚೆನ್ನಾಗಿ ಕೂತಿದೆ, ಸೋಂಕಿಲ್ಲ, ಆದರೂ ನೋವು. ಇದಕ್ಕೆ ಒಂದೇ ಕಾರಣ ಇಲ್ಲ. ವರ್ಷಗಟ್ಟಲೆ ನೋವು ಅನುಭವಿಸಿದ ನರಮಂಡಲ ಸಣ್ಣ ಸಂಕೇತವನ್ನೂ ನೋವಾಗಿ ಓದಲು ಕಲಿತಿರುತ್ತದೆ. ಮೈಯೆಲ್ಲ ನೋವು, ನಿದ್ದೆ ಇಲ್ಲದಿರುವುದು, ಖಿನ್ನತೆ ಇರುವವರಲ್ಲಿ ಇದು ಜಾಸ್ತಿ. ಅಮ್ಮನಿಗೆ ಅಂಥದ್ದಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಕೊಡಿಸಿ. ಸವೆತ ಕಡಿಮೆ ಇರುವಾಗಲೇ ಆಪರೇಷನ್ ಮಾಡಿಸಿಕೊಂಡವರಲ್ಲೂ ಅತೃಪ್ತಿ ಹೆಚ್ಚು. ಗ್ರೇಡ್ 4 ಇರುವುದು ಈ ಒಂದು ವಿಷಯದಲ್ಲಿ ಅಮ್ಮನ ಪರ.

ನಿರೀಕ್ಷೆಯೂ ಒಂದು ಕಾರಣ. ಗಾಯದ ಹೊರಬದಿಗೆ ಚರ್ಮ ಮರಗಟ್ಟಿದಂತಿರುತ್ತದೆ, ಕೆಲವರಿಗೆ ಶಾಶ್ವತವಾಗಿ. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ. ನಡೆಯುವಾಗ ಟಕ್ ಟಕ್ ಸದ್ದು ಬರಬಹುದು. ಮಂಡಿಯೂರಿ ಕೂರುವುದು ಎಷ್ಟೋ ಜನರಿಗೆ ಕೊನೆಗೂ ಹಿತ ಅನಿಸುವುದಿಲ್ಲ. ಮೊದಲ ಆರು ವಾರ ನಿದ್ದೆ ಕೆಡುತ್ತದೆ, ಮೂರು ತಿಂಗಳಿಗೆ ‘ಪರವಾಗಿಲ್ಲ’ ಅನಿಸುತ್ತದೆ, ಪೂರ್ತಿ ಫಲ ಕಾಣಲು ಒಂದು ವರ್ಷ ಬೇಕು. ಇದನ್ನು ಮೊದಲೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ. ‘ವಾರದಲ್ಲಿ ಓಡಾಡುತ್ತೀರಿ’ ಅನ್ನುವ ಜಾಹೀರಾತು ನೋಡಿ ಬಂದವರು ಕುಸಿದುಹೋಗುತ್ತಾರೆ.

ಆಪರೇಷನ್ ಆದ ದಿನವೇ ಅಥವಾ ಮರುದಿನ ವಾಕರ್ ಹಿಡಿದು ನಿಲ್ಲಿಸುತ್ತಾರೆ. ಆಮೇಲಿನದು ಮನೆಯವರ ಜವಾಬ್ದಾರಿ. ಮಂಡಿಯ ಕೆಳಗೆ ದಿಂಬು ಇಡಬೇಡಿ. ಆರಾಮ ಅನಿಸುತ್ತದೆ, ಆದರೆ ಕಾಲು ಬಾಗಿದಂತೆಯೇ ಗಟ್ಟಿಯಾಗುತ್ತದೆ. ಹಿಮ್ಮಡಿಯ ಕೆಳಗೆ ಇಡಿ, ಮಂಡಿ ನೇರವಾಗಲಿ. ಎಲ್ಲರೂ ಮಡಚುವುದರ ಬಗ್ಗೆಯೇ ಚಿಂತೆ ಮಾಡುತ್ತಾರೆ. ನೇರವಾಗದ ಕಾಲು ಕುಂಟುತ್ತದೆ ಅನ್ನುವುದು ಮರೆತುಹೋಗುತ್ತದೆ. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಮುಂಚೆ ಕೊಡಿ, ಆಮೇಲಲ್ಲ. ಆರು ವಾರವಾದರೂ ಮಂಡಿ 90 ಡಿಗ್ರಿ ಮಡಚದಿದ್ದರೆ ವೈದ್ಯರಿಗೆ ತೋರಿಸಿ. ಅರಿವಳಿಕೆ ಕೊಟ್ಟು ಬಗ್ಗಿಸುವುದು ಮೂರು ತಿಂಗಳೊಳಗೆ ಆದರೆ ಫಲ ಚೆನ್ನಾಗಿರುತ್ತದೆ.

ಮನೆಗೆ ಬಂದ ಮೇಲೆ ಗಾಯದಿಂದ ಒಂದು ವಾರ ದಾಟಿದರೂ ನೀರು ಸೋರುತ್ತಿದ್ದರೆ, ನಿಂತ ಸೋರಿಕೆ ಮತ್ತೆ ಶುರುವಾದರೆ, ಕಡಿಮೆಯಾಗುತ್ತಿದ್ದ ನೋವು ಏರತೊಡಗಿದರೆ, ಆಪರೇಷನ್ ಮಾಡಿದವರಿಗೇ ತೋರಿಸಿ. ಹತ್ತಿರದ ಔಷಧ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡುವುದು ಇಲ್ಲಿ ದೊಡ್ಡ ಹಾನಿ. ಸೋಂಕು ಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಆಮೇಲೆ ಕೀಲಿನ ನೀರು ತೆಗೆದು ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಯಾವ ಔಷಧ ಕೊಡಬೇಕು ಅಂತ ನಮಗೆ ತಿಳಿಯುವುದೂ ಇಲ್ಲ. ಲೋಹ ಉಳಿಸಿಕೊಳ್ಳಬಹುದಾಗಿದ್ದ ಆ ಕೆಲವು ವಾರ ಹಾಗೇ ಕಳೆದುಹೋಗುತ್ತದೆ. ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ, ಅದು ಹೆಪ್ಪುಗಟ್ಟಿದ ರಕ್ತ ಇರಬಹುದು.

ವೈದ್ಯರನ್ನು ಆರಿಸುವಾಗ ವರ್ಷಕ್ಕೆ ಎಷ್ಟು ಮಂಡಿ ಬದಲಾಯಿಸುತ್ತೀರಿ, ಸೋಂಕಿನ ಲೆಕ್ಕ ಇಡುತ್ತೀರಾ, ಸೋಂಕಾದರೆ ಮರು ಆಪರೇಷನ್ ನೀವೇ ಮಾಡುತ್ತೀರಾ ಅಂತ ಕೇಳಿ. ಹೆಚ್ಚು ಮಾಡುವವರ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಈ ಪ್ರಶ್ನೆಗೆ ಸಿಟ್ಟಾಗುವವರಿದ್ದರೆ ಬೇರೆಯವರನ್ನು ನೋಡಿ.

ಎಷ್ಟು ದಿನ ಮುಂದೂಡಬಹುದು ಅಂದಿರಿ. ತಯಾರಿಗಾಗಿ ಮೂರು ತಿಂಗಳು, ಬೇಕಾದರೆ ಆರು ತಿಂಗಳು ಕಾಯುವುದರಿಂದ ಅಮ್ಮನಿಗೆ ಲಾಭವೇ. ಸುಮ್ನೆ ಹೆದರಿ ವರ್ಷಗಟ್ಟಲೆ ಕೂತರೆ ಬೇರೆ ತೊಂದರೆ. ಕಾಲು ಬಾಗಿ, ತೊಡೆ ಸೊರಗಿ, ಮನೆಯೊಳಗೂ ಓಡಾಡಲಾಗದ ಸ್ಥಿತಿಯಲ್ಲಿ ಬಂದವರು ಆಪರೇಷನ್ ಆದ ಮೇಲೂ ಪೂರ್ತಿ ಮೇಲೇಳುವುದಿಲ್ಲ. ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ ಮತ್ತೆ ನೋಡಿಸಿ. ಇಳಿದಿದ್ದು, ನೋವು ಇನ್ನೂ ನಿದ್ದೆ ಕೆಡಿಸುತ್ತಿದ್ದರೆ ಬಲಗಾಲಿಗೆ ದಿನಾಂಕ ತೆಗೆದುಕೊಳ್ಳಿ. ಅಷ್ಟರಲ್ಲಿ ‘ಈಗ ತಡೆದುಕೊಳ್ಳಬಹುದು’ ಅಂತ ಅಮ್ಮ ಅಂದರೆ ಇನ್ನಷ್ಟು ಕಾಯಿರಿ. ನಡುವೆ ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಊದಿ ಜ್ವರ ಬಂದರೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ. ಸಕ್ಕರೆ ಇರುವವರಲ್ಲಿ ಸ್ವಂತ ಕೀಲಿಗೂ ಸೋಂಕಾಗುತ್ತದೆ. ಅದೇ ದಿನ ಕರೆದುಕೊಂಡು ಹೋಗಿ.